ಡಬಲ್ ಬೇಸ್‌ಗೆ ಮನೆಯಲ್ಲೇ ಸುತ್ತಿದ ಪಿಕಪ್

ಡಬಲ್ ಬೇಸ್ ಪಿಟೀಲಿನ ಜಾತಿಯದೇ, ಆದರೆ ಆಳಿಗಿಂತ ಎತ್ತರದ, ತಗ್ಗು ದನಿಯ ವಾದ್ಯ. ಆದರೂ ತಬಲಾ, ಹಾರ್ಮೋನಿಯಂ ಮೈಕಿನಲ್ಲಿ ಬರುತ್ತಿದ್ದರೆ ಅದರ ದನಿ ಎರಡನೇ ಸಾಲಿನ ಕುರ್ಚಿಗೂ ಮುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲಿ ನಾವೊಂದಿಷ್ಟು ಗೆಳೆಯರು ಸೇರಿ ವಚನ, ಭಾವಗೀತೆ ಹಾಡುತ್ತೇವೆ. ಬೇಸ್ ನನ್ನ ಪಾಲು. ಗೋವಾದಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕ ಪ್ಲೈವುಡ್ ವಾದ್ಯ ಅದು. ಬ್ರಿಜ್‌ಗೆ, ಅಂದರೆ ತಂತಿಗಳನ್ನು ಹೊರುವ ಮರದ ತುಂಡಿಗೆ, ಪೀಜೋ ಬಿಲ್ಲೆ ಅಂಟಿಸಿ ನುಡಿಸುತ್ತಿದ್ದೆ. ಪೀಜೋ ಮರದ ಅದುರನ್ನು ಹಿಡಿದು ಸ್ಪೀಕರ್‌ಗೆ ಕಳಿಸುವ ಸಣ್ಣ ವೋಲ್ಟೇಜ್ ಮಾಡುತ್ತದೆ; ಇಂಥ ಸಾಧನಕ್ಕೇ ಪಿಕಪ್ ಅನ್ನುವುದು. ಮರವೋ, ಎಲ್ಲಕ್ಕೂ ಅದುರುತ್ತದೆ: ಪಕ್ಕದ ತಬಲಾಕ್ಕೆ, ಸ್ಟೇಜಿನ ಹಲಗೆ ಮೇಲೆ ಓಡಾಡುವವರ ಕಾಲಿಗೆ, ಸ್ಪೀಕರ್‌ನಿಂದ ವಾಪಸ್ ಬರುವ ತನ್ನದೇ ದನಿಗೆ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, 'ಗುಂಯ್' ಅಂತ ಶುರು.

ಮ್ಯಾಗ್ನೆಟಿಕ್ ಪಿಕಪ್‌ಗೆ ಈ ಕಾಟ ಕಡಿಮೆ. ಆಯಸ್ಕಾಂತದ ಮೇಲೆ ಉಕ್ಕಿನ ತಂತಿ ಅದುರಿದರೆ ಅಲ್ಲಿನ ಕಾಂತಕ್ಷೇತ್ರ ಅಲುಗುತ್ತದೆ, ಸುತ್ತಿದ ಕಾಯಿಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ಮರದ ಅದುರು ಇಲ್ಲಿ ಲೆಕ್ಕಕ್ಕೆ ಬರುವುದು ತೀರಾ ಕಡಿಮೆ. ಆದರೆ ತಂತಿ ಉಕ್ಕಿನದೇ ಇರಬೇಕು. ಕರುಳಿನ ತಂತಿ, ನೈಲಾನ್ ತಂತಿ ಹಾಕಿದವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಹಾಗಾದರೆ ಗಿಟಾರ್ ಪಿಕಪ್ ತಂದು ಕೂರಿಸಿದರೆ ಆಗಲಿಲ್ಲವೇ? ಆಗುವುದಿಲ್ಲ. ಡಬಲ್ ಬೇಸ್‌ನ ತಂತಿಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕಮಾನಿನಿಂದ ಒಂದೊಂದನ್ನೇ ತೀಡಲು ಬರಲಿ ಅಂತ ಬ್ರಿಜ್ ಬಾಗಿರುತ್ತದೆ. ಚಪ್ಪಟೆ ಪಿಕಪ್ ಕೆಳಗಿಟ್ಟರೆ ಅಂಚಿನ ಎರಡು ತಂತಿ ಹತ್ತಿರ, ನಡುವಿನ ಎರಡು ದೂರ. ಇನ್ನೊಂದು ತೊಂದರೆ, ಸುತ್ತಲಿನ ಕರೆಂಟ್ ವೈರ್‌ಗಳಿಂದ ಕಾಯಿಲ್ ಹಿಡಿಯುವ ಗುಂಗು. ನಮ್ಮ ಕರೆಂಟ್ 50 ಹರ್ಟ್ಸ್. ಬೇಸ್‌ನ ದಪ್ಪ ಇ ತಂತಿ 41 ಹರ್ಟ್ಸ್, ಪಕ್ಕದ ಎ ತಂತಿ 55. ಗುಂಗು ಸರಿಯಾಗಿ ಇವೆರಡರ ನಡುವೆ ಕೂತಿದೆ. ಅದರ ದುಪ್ಪಟ್ಟು 100 ಹರ್ಟ್ಸ್ ಆದರೆ ಸಣ್ಣ ಜಿ ತಂತಿ 98. ಫಿಲ್ಟರ್ ಹಾಕಿ ಗುಂಗು ಕತ್ತರಿಸಲು ಹೋದರೆ ಸಂಗೀತವೂ ಹೋಗುತ್ತದೆ.

ಎರಡಕ್ಕೂ ಸೇರಿ ನಾನು ಹಿಡಿದ ದಾರಿ ಒಂದೇ: ಒಂದು ಕಾಯಿಲ್ ಬದಲು ಎರಡು ಸಣ್ಣ ಕಾಯಿಲ್. ಒಂದು ಇ ಮತ್ತು ಎ ತಂತಿಗೆ, ಇನ್ನೊಂದು ಡಿ ಮತ್ತು ಜಿಗೆ. ಎರಡನ್ನೂ ಆಚೀಚೆ ವಾಲಿಸಿದರೆ ಬಾಗಿಗೆ ಹೊಂದಿಕೊಳ್ಳುತ್ತವೆ. ಒಂದರ ಆಯಸ್ಕಾಂತ ಉತ್ತರ ಮೇಲೆ, ಇನ್ನೊಂದರದು ದಕ್ಷಿಣ ಮೇಲೆ. ಕಾಯಿಲ್‌ಗಳನ್ನು ಸರಿಯಾಗಿ ಜೋಡಿಸಿದರೆ ತಂತಿಯ ದನಿ ಉಳಿಯುತ್ತದೆ, ಗುಂಗು ಪರಸ್ಪರ ಹೊಡೆದುಹೋಗುತ್ತದೆ. ಫೆಂಡರ್ ಕಂಪನಿ 1957ರಲ್ಲಿ ತನ್ನ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗೆ ಹಾಕಿದ್ದು ಇದೇ ಉಪಾಯ.

ವೈರ್ ಕೊಳ್ಳುವಾಗ ಒಂದು ಎಚ್ಚರ. ಪಿಕಪ್‌ಗೆ 42 ಗೇಜ್ ಅಂತಾರಲ್ಲ, ಅದು ವೈರ್ ದಪ್ಪದ ಅಮೆರಿಕದ ಅಳತೆ ಎಡಬ್ಲ್ಯೂಜಿ, ದಪ್ಪ 0.063 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಅಳತೆ ಎಸ್‌ಡಬ್ಲ್ಯೂಜಿ. ಅದರ 42 ಒಂದೂವರೆ ಪಟ್ಟಿಗಿಂತ ದಪ್ಪ. 46 ಅಂತ ಕೇಳಬೇಕು. ಗೋಕುಲ ರೋಡ್ ಕಡೆ ಮೋಟರ್ ಕಟ್ಟುವ ಪರಿಚಯದವರೊಬ್ಬರು ತರಿಸಿಕೊಟ್ಟರು. "ಇಷ್ಟು ಸಣ್ಣ ವೈರ್ ಮೋಟರಿಗೆ ನಡಿಯಂಗಿಲ್ಲ ನೋಡ್ರಿ ಸರ" ಅಂದರು. ದೊಡ್ಡ ಪಿಟೀಲಿಗೆ ಅಂದೆ. "ಪಿಟೀಲಿಗೆ ಕರೆಂಟ್ ಕೊಡ್ತೀರೇನ್ರಿ?" ಅಂತ ನಕ್ಕರು. ಕೊಡುವುದಲ್ಲ, ಅದರಿಂದಲೇ ತಗೊಳ್ಳುವುದು.

ಬಾಬಿನ್‌ಗೆ, ಅಂದರೆ ವೈರ್ ಸುತ್ತುವ ಅಚ್ಚಿಗೆ, ಸನ್‌ಮೈಕಾ ತುಂಡು ಸಾಕು. ಆಯಸ್ಕಾಂತ ಕಪಾಟಿನ ಬಾಗಿಲ ಕ್ಯಾಚರ್‌ನಿಂದ ಬಿಚ್ಚಿದ್ದು. ಅದರ ಎರಡು ಕಡೆಯ ತಗಡು ತೆಗೆದರೆ ಒಳಗೆ ಕಪ್ಪು ಫೆರೈಟ್ ಬಿಲ್ಲೆ ಇರುತ್ತದೆ. ಪ್ರತಿ ತಂತಿಯ ಕೆಳಗೆ ಎರಡು ಕಬ್ಬಿಣದ ಸ್ಕ್ರೂ, ಅವುಗಳ ಬುಡಕ್ಕೆ ಈ ಬಿಲ್ಲೆ. ಹಾರ್ಡ್‌ವೇರ್ ಅಂಗಡಿಗೆ ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಹೊಳೆಯುವ ಸ್ಟೇನ್‌ಲೆಸ್ ಸ್ಕ್ರೂ ಬಹಳಷ್ಟು ಸಲ ಅಂಟುವುದೇ ಇಲ್ಲ.

ಸುತ್ತಿದ್ದು ಹೊಲಿಗೆ ಮೆಷಿನ್ನಿನ ಮೋಟರ್‌ನಲ್ಲಿ. ಕಾಲಿನ ಪೆಡಲ್ ಇರುವುದರಿಂದ ಕೈ ಎರಡೂ ಖಾಲಿ. ವೈರ್ ತಲೆಗೂದಲಿನಷ್ಟೇ ದಪ್ಪ. ಸ್ವಲ್ಪ ಬಿಗಿಯಾದರೆ ಪಟ್ ಅಂತ ಹರಿಯುತ್ತದೆ. ಎಣಿಕೆಗೆ ಹಳೆಯ ಕ್ಯಾಲ್ಕುಲೇಟರ್. ಅದರ 'ಸಮ' ಗುಂಡಿಯ ಎರಡು ತುದಿಗೆ ಆಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್, ತಿರುಗುವ ತಲೆಗೆ ಚಿಕ್ಕ ಆಯಸ್ಕಾಂತ. ಒಂದು ಕೂಡಿಸು ಒಂದು ಅಂತ ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೂ ಒಂದು ಏರುತ್ತದೆ. ಮೋಟರ್ ಜೋರಾದರೆ ಎಣಿಕೆ ತಪ್ಪುತ್ತದೆ, ನಿಧಾನ ಇರಲಿ. ಪ್ರತಿ ಕಾಯಿಲ್‌ಗೆ 5,000 ಸುತ್ತು. ಮೀಟರ್‌ನಲ್ಲಿ ಒಂದೊಂದು 3 ಕಿಲೋ ಓಮ್ ದಾಟಿತು. ಎರಡಕ್ಕೂ ಸೇರಿ ಸುಮಾರು ಒಂದು ಕಿಲೋಮೀಟರ್ ವೈರ್ ಹೋಗಿದೆ, ತೂಕ ಮಾತ್ರ 30 ಗ್ರಾಂ ಕೂಡ ಇಲ್ಲ! ಆಮೇಲೆ ಮೇಣದಬತ್ತಿಯ ಮೇಣಕ್ಕೆ ಒಂದು ಪಾಲು ಜೇನುಮೇಣ ಸೇರಿಸಿ ಅದರಲ್ಲಿ ಅದ್ದಿದೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟೇ ಕರಗಿಸಬೇಕು, ನೇರ ಗ್ಯಾಸ್ ಮೇಲೆ ಬೇಡವೇ ಬೇಡ. ಮೇಣ ಒಳಗಿಳಿಯದಿದ್ದರೆ ಸುತ್ತುಗಳೇ ಅದುರಿ ಕಿರುಚುತ್ತವೆ.

ಜೋಡಣೆ ಸರಿ ಇದೆಯಾ ನೋಡಲು ಮುಳ್ಳಿನ ಮೀಟರ್ ಬೇಕು. ಸ್ಕ್ರೂಡ್ರೈವರ್ ತುದಿಯನ್ನು ಒಂದು ಕಾಯಿಲ್‌ಗೆ ಅಂಟಿಸಿ ಫಟ್ಟನೆ ಕೀಳಿ, ಮುಳ್ಳು ಯಾವ ಕಡೆ ಜಿಗಿಯಿತು ನೋಡಿ. ಇನ್ನೊಂದರಲ್ಲೂ ಅದೇ ಕಡೆ ಜಿಗಿಯಬೇಕು. ಇಲ್ಲದಿದ್ದರೆ ಒಂದು ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ, ಅಷ್ಟೇ.

ವಾದ್ಯಕ್ಕೆ ತೂತು ಹೊಡೆಯಲು ನನಗೆ ಮನಸ್ಸಿಲ್ಲ. ತಂತಿಯನ್ನು ಬೆರಳಿಂದ ಒತ್ತುವ ಹಲಗೆ, ಫಿಂಗರ್‌ಬೋರ್ಡ್, ಅದರ ತುದಿಯ ಅಡಿ ಟೊಳ್ಳಾಗಿರುತ್ತದೆ. ಅಲ್ಲಿಗೆ ಸರಿಯಾಗಿ ಕೂರುವ ಸಾಗವಾನಿ ತುಂಡು ಕೆತ್ತಿ, ಸುತ್ತ ಕಾರ್ಕ್ ಅಂಟಿಸಿ ಒಳಗೆ ತಳ್ಳಿದೆ. ಪಿಕಪ್ ಅದರ ಮುಂದೆ ಚಾಚಿಕೊಂಡು ತಂತಿಗಳ ಕೆಳಗೆ ಕೂತಿದೆ. ತಂತಿಗಳ ದನಿ ಹೆಚ್ಚು ಕಡಿಮೆ ಆದರೆ ಸ್ಕ್ರೂ ತಿರುಗಿಸಿ ಸಮ ಮಾಡಿಕೊಳ್ಳುವುದು.

ಬಾಡಿಗೆ ಸೌಂಡ್‌ನವರ ಮೈಕ್ ಸಾಕೆಟ್‌ಗೆ ನೇರ ಚುಚ್ಚಿದರೆ ದನಿ ಮಂಕು. ಆ ಸಾಕೆಟ್ ಪಿಕಪ್‌ನ ದನಿಯನ್ನು ಹೀರಿಬಿಡುತ್ತದೆ. ನಡುವೆ ಹಾಗೆ ಹೀರದಂತೆ ತಡೆಯುವ, ಟಿಎಲ್ 072 ಐಸಿಯ ಸಣ್ಣ ಬಫರ್, 9 ವೋಲ್ಟ್ ಬ್ಯಾಟರಿ, ಒಳಬರುವ ಕಡೆ 1 ಮೆಗಾ ಓಮ್.

ಬೆರಳಿನಿಂದ ಮೀಟಿದರೆ ದನಿ ಚೆನ್ನಾಗಿದೆ. ಎಲೆಕ್ಟ್ರಿಕ್ ಬೇಸ್ ಕಡೆಗೆ ಸ್ವಲ್ಪ ವಾಲುತ್ತದೆ, ಸುಳ್ಳು ಹೇಳಲಾರೆ. ಕಮಾನಿಗೆ ಮಾತ್ರ ಒಗ್ಗುವುದಿಲ್ಲ, ಮರದ ತುಂಬುದನಿ ಇಲ್ಲದೆ ಮೂಗಿನಲ್ಲಿ ಹಾಡಿದ ಹಾಗೆ ಬರುತ್ತದೆ. ಹಾಗಾಗಿ ಪೀಜೋ ಕಿತ್ತಿಲ್ಲ, ಅದಕ್ಕೊಂದು ಸ್ವಿಚ್ ಇದೆ. ಕಮಾನಿನ ಹಾಡು ಯಾವುದು ಅಂತ ಮಿಕ್ಸರ್ ಮುಂದೆ ಕೂತ ಹುಡುಗನಿಗೆ ಮೊದಲೇ ಚೀಟಿ ಬರೆದು ಕೊಡುತ್ತೇನೆ.