ಯೂರಿಯಾದಲ್ಲಿ ಕರಗಿದ ಹೆಪ್ಪು

ಹೊಕ್ಕುಳಬಳ್ಳಿ ಬಿದ್ದ ಮೇಲೂ ರಕ್ತ ಜಿನುಗುತ್ತಿದ್ದ ಕೂಸು. ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು, ಪ್ಲೇಟ್‌ಲೆಟ್, ಫೈಬ್ರಿನೋಜನ್ ಎಲ್ಲವೂ ಸರಿ. ತಂದೆತಾಯಿಯದು ಸೋದರ ಸಂಬಂಧದ ಮದುವೆ ಬೇರೆ. ಹೆಪ್ಪಿನ ಎಳೆಗಳನ್ನು ಹೆಣೆದು ಗಟ್ಟಿ ಮಾಡುವ ಫ್ಯಾಕ್ಟರ್ ಹದಿಮೂರನ್ನು ನಾವೇ ನೋಡೋಣ ಎಂದೆ; ಅದಿಲ್ಲದ ಹೆಪ್ಪು ಯೂರಿಯಾದಲ್ಲಿ ಕರಗಿಬಿಡುತ್ತದೆ. ಉಡುಪಿಯ ನಮ್ಮ ಸಣ್ಣ ಲ್ಯಾಬಿನ ಡಾಕ್ಟರು ನಕ್ಕರು: “ಯೂರಿಯಾ ತೋಟಕ್ಕೆ ಹಾಕುವುದು ಮಾರಾಯರೇ, ರಕ್ತಕ್ಕಲ್ಲ.”

ಮೊದಲ ಸಲ ಮುಖಭಂಗವೇ ಆಯಿತು. ಪರೀಕ್ಷೆ ಸರಿಯಿದೆಯೇ ಎಂದು ನೋಡಲು, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಬೆರೆತ ಪ್ಲಾಸ್ಮಾಗೆ ಹೆಪ್ಪುಗಟ್ಟಿಸುವ ಥ್ರಾಂಬಿನ್ ಹಾಕಿದೆ; ಆ ಹೆಪ್ಪು, ಹದಿಮೂರಕ್ಕೆ ಬೇಕಾದ ಕ್ಯಾಲ್ಸಿಯಂ ಸಿಗದ್ದರಿಂದ, ಕರಗಲೇಬೇಕು. ಮರುದಿನವೂ ಅದು ಹಾಗೆಯೇ ಕುಳಿತಿತ್ತು. ತಪ್ಪು ನನ್ನದೇ: 30 ಗ್ರಾಂ ಯೂರಿಯಾಗೆ 100 ಮಿಲಿ ನೀರು ಸುರಿದಿದ್ದೆ, ಕರಗಿಸಿ 100 ಮಿಲಿಗೆ ತುಂಬಿಸಬೇಕಿತ್ತು. ಸಾಲದ್ದಕ್ಕೆ ಆಟಿ ತಿಂಗಳ ಮಳೆ, ಬಾಟಲಿಯೊಳಗೆ ಯೂರಿಯಾ ಬೆಲ್ಲದಂತೆ ಗಟ್ಟಿಯಾಗಿತ್ತು. ತೂಕದಲ್ಲಿ ನೀರೂ ಸೇರಿತ್ತೇನೋ. ಸುಮಾರು ಮೂರು ಸಾವಿರದ ಥ್ರಾಂಬಿನ್ ಅಲ್ಲೇ ಮುಗಿಯಿತು. ಹಟಕ್ಕೆ ಬಿದ್ದು ಅಡಿಕೆ ತೋಟದ ಯೂರಿಯಾವನ್ನೂ ಕರಗಿಸಿ ನೋಡಿದೆ. ಈಗ ಬರುವುದು ಹೆಚ್ಚಾಗಿ ಬೇವು ಲೇಪಿತ; ದ್ರಾವಣದ ಮೇಲೆ ಎಣ್ಣೆಯ ಪೊರೆ ತೇಲಿತು, ಎರಡು ದಿನ ಲ್ಯಾಬೆಲ್ಲ ಕಹಿ ವಾಸನೆ.

ಹೊಸ ಬಾಟಲಿ ತರಿಸಿದ ಮೇಲೆ ಇಡಿಟಿಎ ಹೆಪ್ಪು ಕರಗಿತು. ಆದರೆ ಮಗುವಿನದು ಕಲ್ಲಿನಂತೆ ನಿಂತಿತು! ತಾಯಿಯನ್ನು ಕೇಳಿದರೆ, ಐದು ದಿನದ ಹಿಂದೆ ಪ್ಲಾಸ್ಮಾ ಕೊಟ್ಟಿದ್ದರಂತೆ. ಚೀಟಿಯಲ್ಲಿ ಅದರ ಸುಳಿವೇ ಇಲ್ಲ. ಹದಿಮೂರರ ಅರ್ಧಾಯುಷ್ಯವೇ ಹತ್ತು ದಿನದ ಆಸುಪಾಸು, ಶೇಕಡಾ ಐದರಷ್ಟು ಉಳಿದರೂ ಹೆಪ್ಪು ಜಗ್ಗುವುದಿಲ್ಲ. ಆರು ವಾರ ಕಾದೆವು.

ಮತ್ತೆ ತಂದ ರಕ್ತವನ್ನು ಯಂತ್ರದಲ್ಲಿ ಎರಡು ಬಾರಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ, ಹೆಪ್ಪು ಮಾಡಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಯೂರಿಯಾಗೆ ಇಳಿಸಿದೆ. ಹೆಪ್ಪನ್ನು ಹರಿಯದಂತೆ ಗೋಡೆಯಿಂದ ಬಿಡಿಸುವ ನನ್ನ ಉಪಾಯವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕನೇ ಗಂಟೆಗೆ ಟ್ಯೂಬನ್ನು ಬೆಳಕಿಗೆ ಹಿಡಿದು ಓರೆ ಮಾಡಿದೆ. ನನ್ನ ಪ್ಲಾಸ್ಮಾದ ಹೆಪ್ಪು ಈರೋಳಿನ (ತಾಟಿನುಂಗಿನ) ತುಂಡಿನಂತೆ ಜಾರಿತು. ಮಗುವಿನದರಲ್ಲಿ ಬರೀ ತಿಳಿನೀರು. ಎರಡೂ ಪ್ಲಾಸ್ಮಾಗಳನ್ನು ಸಮಸಮ ಬೆರೆಸಿದ ಮೂರನೇ ಟ್ಯೂಬಿನ ಹೆಪ್ಪು ಕರಗಲಿಲ್ಲ. ಅಂದರೆ ಹದಿಮೂರನ್ನು ತಡೆಯುವ ಇನ್‌ಹಿಬಿಟರ್ ಅಲ್ಲ, ಅದರ ಕೊರತೆಯೇ.

ಹೊರಗೆ ಕಳುಹಿಸಿದ ಅಳತೆಯೂ ಶೇಕಡಾ ಎರಡಕ್ಕಿಂತ ಕೆಳಗೆ ಬಂತು. ಈಗ ಮಗುವಿಗೆ ತಿಂಗಳಿಗೊಮ್ಮೆ ಕ್ರಯೋ, ಅಂದರೆ ಹದಿಮೂರು ಇರುವ ಪ್ಲಾಸ್ಮಾದ ಸಾಂದ್ರ ಭಾಗ, ಕೊಡುತ್ತಾರೆ. ಎಪಿಟಿಟಿ ಸರಿಯಿದ್ದೂ ರಕ್ತ ನಿಲ್ಲದವರು ಬಂದರೆ ನಮ್ಮ ಡಾಕ್ಟರು ಒಳಗಿನಿಂದಲೇ ಕೇಳುತ್ತಾರೆ, “ಯೂರಿಯಾ ಉಂಟಲ್ಲ?”