ತಿಂದ ಮುದ್ದೆ ಉಸಿರಾಗಿ ಆಚೆ ಹೋಗೋದನ್ನ ಮನೇಲೇ ಮಕ್ಕಳಿಗೆ ತೋರಿಸೋದು ಹೇಗೆ

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಜೀವಕ್ರಿಯೆಗಳು ಪಾಠ ಪೂರ್ತಿ ಬಾಯಿಪಾಠ ಮಾಡ್ಕೊಂಡು ಬಂದು ನನ್ನ ಮುಂದೆ ಒಪ್ಪಿಸಿದ್ಲು, ಪೆಪ್ಸಿನ್ನು, ಟ್ರಿಪ್ಸಿನ್ನು, ಪೈರುವೇಟು, ಒಂದೂ ತಪ್ಪಿಲ್ಲ. ಆಮೇಲೆ ಪುಸ್ತಕ ಮುಚ್ಚಿಟ್ಟು, "ಅಲ್ಲ ಚಿಕ್ಕಮ್ಮ, ಊಟ ಹೊಟ್ಟೆಗೆ ಹೋಗುತ್ತೆ, ಗಾಳಿ ಎದೆಗೆ ಹೋಗುತ್ತೆ, ಇವೆರಡನ್ನೂ ಯಾಕೆ ಒಂದೇ ಪಾಠದಲ್ಲಿ ಇಟ್ಟಿದಾರೆ?" ಅಂದ್ಲು. ಎಂಥಾ ಒಳ್ಳೇ ಪ್ರಶ್ನೆ ನೋಡಿ! ಎರಡೂ ಒಂದೇ ಕಥೆ ಅನ್ನೋದು ಅವಳಿಗೆ ಯಾರೂ ಹೇಳೇ ಇರ್ಲಿಲ್ಲ. ಆ ಭಾನುವಾರ ಅಡುಗೆಮನೇಲಿ ಏನೇನು ಮಾಡಿದ್ವೋ ಅದನ್ನೇ ಇಲ್ಲಿ ಬರೀತಿದೀನಿ, ನಿಮ್ಮ ಮನೇಲಿ ಹೈಸ್ಕೂಲ್ ಮಕ್ಕಳಿದ್ರೆ ಒಂದು ರಜಾ ದಿನ ಇಟ್ಕೊಂಡು ಮಾಡಿ.

ಮೊದಲೇ ಒಂದು ಮಾತು ಕ್ಲಿಯರ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಮುಂದೆ ಎಲ್ಲಾ ಗೊಂದಲ ಆಗುತ್ತೆ. ಮೂಗಿಂದ ಗಾಳಿ ಎಳೆದು ಬಿಡೋದನ್ನೂ ನಾವು ಉಸಿರಾಟ ಅಂತೀವಿ, ಜೀವಕೋಶದ ಒಳಗೆ ಗ್ಲೂಕೋಸ್ ಒಡೆದು ಶಕ್ತಿ ಬರೋದನ್ನೂ ಉಸಿರಾಟ ಅಂತೀವಿ. ಹೆಸರು ಒಂದೇ ಆದ್ರೂ ಕೆಲಸ ಬೇರೆ ಬೇರೆ. ಮೊದಲನೇದು ಬರೀ ಸಾಗಾಣಿಕೆ, ಆಕ್ಸಿಜನ್ ಒಳಗೆ ತರೋದು, ಕಾರ್ಬನ್ ಡೈಆಕ್ಸೈಡ್ ಆಚೆ ಹಾಕೋದು. ಎರಡನೇದೇ ನಿಜವಾದ ಒಲೆ. ಆ ಒಲೆಗೆ ಸೌದೆ ಊಟದಿಂದ ಬರುತ್ತೆ, ಉರಿಯೋದಕ್ಕೆ ಗಾಳಿ ಶ್ವಾಸಕೋಶದಿಂದ ಬರುತ್ತೆ. ಇಷ್ಟು ಮಗುವಿನ ತಲೇಲಿ ಕೂತ್ರೆ ಅರ್ಧ ಪಾಠ ಮುಗೀತು ಅಂದ್ಕೊಳ್ಳಿ.

ಬೇಕಾಗೋ ಸಾಮಾನು ಎಲ್ಲಾ ಮನೇಲೇ ಇರುತ್ತೆ: ಅನ್ನದ ಗಂಜಿ, ಗಾಯಕ್ಕೆ ಹಚ್ಚೋ ಕಂದು ಬಣ್ಣದ ಬೆಟಾಡಿನ್ ದ್ರಾವಣ, ಎಲೆ ಅಡಿಕೆಗೆ ಹಾಕೋ ಬಿಳಿ ಸುಣ್ಣ, ಹಾಲು, ನಿಂಬೆಹಣ್ಣು, ಅಡುಗೆ ಎಣ್ಣೆ, ಪಾತ್ರೆ ತೊಳೆಯೋ ಲಿಕ್ವಿಡ್, ಒಂದೆರಡು ಸ್ಟ್ರಾ, ಸೂಜಿ ತೆಗೆದ ಸಿರಿಂಜು, ಒಂದು ಸೀರೆ, ಒಂದು ಟರ್ಕಿ ಟವೆಲ್. ಹಿಂದಿನ ರಾತ್ರಿನೇ ಒಂದು ಕೆಲಸ ಮಾಡಿಡಿ, ಒಂದು ದೊಡ್ಡ ಲೋಟ ನೀರಿಗೆ ಅರ್ಧ ಚಮಚ ಸುಣ್ಣ ಹಾಕಿ ಕಲಸಿ ಮುಚ್ಚಿಡಿ, ಬೆಳಗ್ಗೆ ಮೇಲೆ ನಿಂತಿರೋ ತಿಳಿನೀರನ್ನ ಮಾತ್ರ ಅಲ್ಲಾಡಿಸ್ದೆ ಬಟ್ಟೇಲಿ ಸೋಸಿ ಬಾಟ್ಲಿಗೆ ತುಂಬಿ ಮುಚ್ಚಳ ಹಾಕಿ. ಬಣ್ಣದ ಸುಣ್ಣ, ವಾಸನೆ ಹಾಕಿದ ಸುಣ್ಣ ಬೇಡ. ಸುಣ್ಣ ಕಣ್ಣಿಗೆ ಬಿದ್ರೆ ತುಂಬಾ ಅಪಾಯ, ಅದಕ್ಕೆ ಈ ಕೆಲಸ ದೊಡ್ಡವರೇ ಮಾಡಿ.

ಈಗ ಬಾಯಿಂದ ಶುರು ಮಾಡೋಣ. ಗಂಜಿ ತಿಳಿ ಒಂದು ಚಮಚ ತಗೊಂಡು ಅರ್ಧ ಲೋಟ ನೀರಲ್ಲಿ ತೆಳ್ಳಗೆ ಮಾಡಿ ಪೂರ್ತಿ ಆರಿಸಿ, ಮೂರು ಪುಟ್ಟ ಬಟ್ಟಲಿಗೆ ಎರಡೆರಡು ಚಮಚ ಹಾಕಿ. ಮೊದಲನೇ ಬಟ್ಟಲು ಹಾಗೇ ಇರ್ಲಿ. ಎರಡನೇದಕ್ಕೆ ಮಗು ಬಾಯಿ ಮುಕ್ಕಳಿಸಿ ಒಂದು ಚಮಚ ಜೊಲ್ಲು ಹಾಕ್ಲಿ (ಛೀ ಅಂತಾರೆ, ಪರವಾಗಿಲ್ಲ, ಆಮೇಲೆ ಅವರೇ ನೋಡೋಕೆ ಮುಗಿಬೀಳ್ತಾರೆ). ಮೂರನೇದಕ್ಕೂ ಜೊಲ್ಲೇ, ಆದ್ರೆ ಅದನ್ನ ಚೆನ್ನಾಗಿ ಕುದಿಸಿ ಆರಿಸಿ ಹಾಕಿ. ಮೂರನ್ನೂ ಕೈಗೆ ಹಿತವಾಗಿರೋ ಬೆಚ್ಚಗಿನ ನೀರಿನ ತಟ್ಟೇಲಿ ಇಡಿ. ಬೆಟಾಡಿನ್ ಒಂದು ಹನಿಗೆ ಹತ್ತು ಹನಿ ನೀರು ಬೆರೆಸಿ ಬಿಳಿ ತಟ್ಟೆ ಮೇಲೆ ಹನಿ ಹನಿಯಾಗಿ ಇಟ್ಕೊಂಡು, ಮೂರು ಮೂರು ನಿಮಿಷಕ್ಕೊಂದು ಸಲ ಒಂದೊಂದು ಬಟ್ಟಲಿಂದ ಒಂದು ಹನಿ ತೆಗೆದು ಅದಕ್ಕೆ ಸೇರಿಸ್ತಾ ಹೋಗಿ. ಪಿಷ್ಟ ಇದ್ರೆ ಕಡುನೀಲಿ ಆಗುತ್ತೆ. ಜೊಲ್ಲು ಹಾಕಿದ ಬಟ್ಟಲಿನ ಹನಿ ಮೊದಲು ನೀಲಿ, ಆಮೇಲೆ ಕೆಂಪು ಮಿಶ್ರಿತ ನೇರಳೆ, ಕೊನೆಗೆ ಬರೀ ಬೆಟಾಡಿನ್ ಬಣ್ಣ, ಅಂದ್ರೆ ಪಿಷ್ಟ ಒಡೆದು ಸಕ್ಕರೆ ಆಗಿದೆ. ಕುದಿಸಿದ ಜೊಲ್ಲಿನ ಬಟ್ಟಲು ನೀಲಿಯಾಗೇ ಉಳಿಯುತ್ತೆ, ಯಾಕಂದ್ರೆ ಜೊಲ್ಲಲ್ಲಿ ಪಿಷ್ಟ ಒಡೆಯೋ ಅಮೈಲೇಸ್ ಅನ್ನೋ ಕಿಣ್ವ (ಅಂದ್ರೆ ಎಂಜೈಮು) ಒಂದು ಪ್ರೋಟೀನು, ಬಿಸಿಗೆ ಅದರ ಆಕಾರನೇ ಕೆಟ್ಟೋಗುತ್ತೆ, ಮೊಟ್ಟೆ ಬೆಂದ ಮೇಲೆ ಮತ್ತೆ ಹಸಿ ಆಗಲ್ವಲ್ಲ ಹಾಗೆ.

ಇಲ್ಲಿ ಎರಡು ಕಡೆ ಎಡವ್ತೀರಾ, ನಾನೂ ಎಡವಿದೆ. ಗಂಜಿ ಬಿಸಿ ಇದ್ರೆ ನೀಲಿ ಬಣ್ಣ ಬರೋದೇ ಇಲ್ಲ, ಆರಿದ ಮೇಲೆ ಬರುತ್ತೆ. ಇನ್ನೊಂದು, ನಿಂಬೆರಸದ ಕೈಯಲ್ಲಿ ಮುಟ್ಟಬೇಡಿ, ವಿಟಮಿನ್ ಸಿ ತಗುಲಿದ್ರೆ ನೀಲಿ ಮಾಯ ಆಗುತ್ತೆ, ಮಕ್ಕಳು ಜೀರ್ಣ ಆಗೋಯ್ತು ಅಂದ್ಕೋತಾರೆ.

ಅವಳು ಆಗ ಕೇಳಿದ್ಲು, ಮುದ್ದೆ ಅಗೀದೇ ನುಂಗ್ತೀವಲ್ಲ, ಅದು ಹೇಗೆ ಜೀರ್ಣ ಆಗುತ್ತೆ ಅಂತ. ನಮ್ಮ ಕಡೆ ಮಕ್ಕಳಿಗೆ ಮಾತ್ರ ಹೊಳೆಯೋ ಪ್ರಶ್ನೆ ಇದು, ನಿಮ್ಮನೇಲಿ ಕೇಳ್ದೇ ಇದ್ರೆ ನೀವೇ ಎತ್ತಿ. ಅಗಿಯೋದ್ರಲ್ಲಿ ಎರಡು ಕೆಲಸ ಇದೆ, ನುಣ್ಣಗೆ ಮಾಡೋದು ಮತ್ತೆ ಜೊಲ್ಲು ಬೆರೆಸೋದು. ರಾಗಿ ವಿಷಯದಲ್ಲಿ ನುಣ್ಣಗೆ ಮಾಡೋ ಕೆಲಸ ಹಿಟ್ಟಿನ ಗಿರಣಿನೇ ಮುಗಿಸಿದೆ, ಬೇಯಿಸಿದ್ದರಿಂದ ಪಿಷ್ಟ ಅರಳಿ ಮೆತ್ತಗಾಗಿದೆ. ಇನ್ನು ಜೊಲ್ಲಿನ ಅಮೈಲೇಸ್ ತಪ್ಪಿಹೋದ್ರೂ ಮುಂದೆ ಸಣ್ಣ ಕರುಳಲ್ಲಿ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಅದೇ ಕೆಲಸದ ಅಮೈಲೇಸನ್ನ ಧಾರಾಳವಾಗಿ ಸುರಿಸುತ್ತೆ. ಹಾಗಾಗಿ ಬಸ್ಸಾರಲ್ಲಿ ಅದ್ದಿ ನುಂಗಿದ ಮುದ್ದೆಗೂ ಮೋಸ ಇಲ್ಲ.

ಗಂಟಲಿಂದ ಜಠರದವರೆಗೆ ಅನ್ನನಾಳ, ಸುಮಾರು 25 ಸೆಂಟಿಮೀಟರ್. ಇಲ್ಲಿ ಊಟ ಬಾವಿಗೆ ಬಿದ್ದ ಕಲ್ಲಿನ ಥರ ಬೀಳಲ್ಲ, ಸ್ನಾಯು ಹಿಂಡಿ ಹಿಂಡಿ ತಳ್ಳುತ್ತೆ. ಹಳೇ ಕಾಲುಚೀಲದ ತುದಿ ಕತ್ತರಿಸಿ ಒಳಗೆ ನಿಂಬೆಹಣ್ಣು ಇಟ್ಟು ಹಿಂದಿನಿಂದ ಹಿಂಡ್ತಾ ಬಂದ್ರೆ ಸಾಕು, ಅರ್ಥ ಆಗುತ್ತೆ.

ಜಠರಕ್ಕೆ ಹಾಲು ಮತ್ತೆ ನಿಂಬೆ. ಉಗುರುಬೆಚ್ಚಗಿನ ಹಾಲಿಗೆ ನಿಂಬೆರಸ ಹಿಂಡಿ, ಒಡೆದು ಗಟ್ಟಿ ಗಟ್ಟಿ ಆಗುತ್ತೆ. ಹಾಲಿನ ಪ್ರೋಟೀನಿಗೆ ಆಮ್ಲ ಏನು ಮಾಡುತ್ತೆ ಅನ್ನೋದು ಅಲ್ಲೇ ಕಾಣುತ್ತೆ. ಜಠರದಲ್ಲಿರೋದು ಹೈಡ್ರೋಕ್ಲೋರಿಕ್ ಆಮ್ಲ, ಅದು ಪ್ರೋಟೀನಿನ ಗಂಟು ಬಿಚ್ಚುತ್ತೆ, ಪೆಪ್ಸಿನ್ ಅನ್ನೋ ಕಿಣ್ವ ಬಂದು ತುಂಡು ಮಾಡುತ್ತೆ, ಒಳಗೋಡೆಗೆ ಲೋಳೆ ಬಳಿದಿರೋದ್ರಿಂದ ಜಠರ ತನ್ನನ್ನೇ ತಿಂದ್ಕೊಳ್ಳಲ್ಲ. ಮಟನ್ ಬೇಗ ಬೇಯ್ಲಿ ಅಂತ ಪಪ್ಪಾಯಿಕಾಯಿ ಹಾಕ್ತೀವಲ್ಲ, ಆ ಕಾಯಲ್ಲಿರೋ ಪಪೈನ್ ಕೂಡ ಪ್ರೋಟೀನ್ ಕತ್ತರಿಸೋ ಕಿಣ್ವನೇ.

ಜಠರದ ವಿಷಯ ಬಂದಾಗ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಕಥೆ ಹೇಳ್ದೇ ಬಿಡಬೇಡಿ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ತುಪ್ಪಳದ ವ್ಯಾಪಾರದವರ ಹತ್ರ ಕೆಲಸಕ್ಕಿದ್ದ ಆ ಹುಡುಗನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ಬಿತ್ತು. ಬದುಕಿದ, ಆದ್ರೆ ಜಠರದ ತೂತು ಪೂರ್ತಿ ಮುಚ್ಚಲೇ ಇಲ್ಲ. ಚಿಕಿತ್ಸೆ ಕೊಟ್ಟ ವಿಲಿಯಂ ಬೋಮಾಂಟ್ ಅನ್ನೋ ಸೈನ್ಯದ ಡಾಕ್ಟರು 1825ರಿಂದ ರೇಷ್ಮೆ ದಾರಕ್ಕೆ ಮಾಂಸದ ತುಂಡು, ಬ್ರೆಡ್ಡು ಕಟ್ಟಿ ಆ ತೂತಲ್ಲಿ ಇಳಿಬಿಟ್ಟು, ಗಂಟೆಗಂಟೆಗೂ ಎಳೆದು ನೋಡ್ತಿದ್ರು. ಜಠರರಸ ತೆಗೆದು ಸೀಸೆಗೆ ಹಾಕಿ ಬೆಚ್ಚಗಿಟ್ರೆ ಅಲ್ಲೂ ಮಾಂಸ ಕರಗ್ತಿತ್ತು, ಅಂದ್ರೆ ಜೀರ್ಣ ಅನ್ನೋದು ಬರೀ ಅರೆಯೋ ಕೆಲಸ ಅಲ್ಲ, ರಾಸಾಯನಿಕ ಕ್ರಿಯೆ. 1833ರಲ್ಲಿ ಇದೆಲ್ಲಾ ಪುಸ್ತಕವಾಗಿ ಬಂತು. ಡಾಕ್ಟರಿಗೆ ಹೆಸರು ಬಂತು, ಆ ಹುಡುಗ ಮಾತ್ರ ಬಡವನಾಗೇ ಉಳಿದ. ಮಕ್ಕಳಿಗೆ ಅವನ ಹೆಸರೂ ನೆನಪಿರ್ಲಿ ಅನ್ನೋದು ನನ್ನ ಆಸೆ.

ಮುಂದೆ ಪಿತ್ತರಸ. ಬಾಟ್ಲಿಗೆ ಅರ್ಧ ನೀರು, ಎರಡು ಚಮಚ ಎಣ್ಣೆ ಹಾಕಿ ಕುಲುಕಿ, ಸ್ವಲ್ಪ ಹೊತ್ತಿಗೆ ಎಣ್ಣೆ ಮತ್ತೆ ಮೇಲೆ ಬಂದು ಕೂರುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ ಕುಲುಕಿ, ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ನೀರೆಲ್ಲಾ ಬೆಳ್ಳಗಾಗುತ್ತೆ. ಪಿತ್ತರಸ ಮಾಡೋದೂ ಇಷ್ಟೇ, ಅದರಲ್ಲಿ ಜೀರ್ಣ ಮಾಡೋ ಕಿಣ್ವ ಇಲ್ಲ. ತಯಾರಾಗೋದು ಲಿವರ್‌ನಲ್ಲಿ, ಪಿತ್ತಕೋಶ ಬರೀ ಗೋಡೌನು, ಪರೀಕ್ಷೇಲಿ ಇದನ್ನ ಉಲ್ಟಾ ಬರೆಯೋರು ಬಹಳ ಜನ. ಒಡೆದ ಕೊಬ್ಬನ್ನ ಕತ್ತರಿಸೋದು ಮೇದೋಜೀರಕದ ಲೈಪೇಸ್ ಅನ್ನೋ ಕಿಣ್ವ.

ಸಣ್ಣ ಕರುಳಿಗೆ ಸೀರೆ ತಗೊಳ್ಳಿ, ಉದ್ದ ಸುಮಾರು ಐದೂವರೆ ಮೀಟರ್ ಇರುತ್ತೆ. ಸಣ್ಣ ಕರುಳು 6 ಮೀಟರ್ ಆಸುಪಾಸು, ಅಂದ್ರೆ ಒಂದು ಸೀರೆಗಿಂತ ಒಂಚೂರು ಉದ್ದ. ಹಜಾರದಲ್ಲಿ ಹಾಸಿ ತೋರಿಸಿ, ಆಮೇಲೆ ಮಡಚಿ ಮಗುವಿನ ಹೊಟ್ಟೆ ಮೇಲಿಡಿ, ಅಷ್ಟುದ್ದದ್ದು ಇಷ್ಟರೊಳಗೆ ಹೇಗೆ ಕೂತಿದೆ ಅಂತ ಆಶ್ಚರ್ಯ ಪಡ್ಲಿ. ಒಳಗೋಡೆ ನುಣುಪಾಗಿಲ್ಲ, ಟರ್ಕಿ ಟವೆಲ್ಲಿನ ಕುಣಿಕೆಗಳ ಥರ ವಿಲೈ ಅನ್ನೋ ಬೆರಳುಗಳಿವೆ. ಟೇಬಲ್ ಮೇಲೆ ನೀರು ಚೆಲ್ಲಿ ಒಂದ್ಸಲ ತೆಳ್ಳಗಿನ ಬಟ್ಟೇಲಿ, ಒಂದ್ಸಲ ಟವೆಲ್ಲಲ್ಲಿ ಒರೆಸಿ ನೋಡಿ. ಈ ಮೈ ಹರಡಿದ್ರೆ ಟೆನಿಸ್ ಕೋರ್ಟ್ ಅಷ್ಟಾಗುತ್ತೆ ಅಂತ ಎಷ್ಟೋ ಕಡೆ ಓದಿರ್ತೀರಾ, 2014ರಲ್ಲಿ ಸ್ವೀಡನ್ ವಿಜ್ಞಾನಿಗಳು ಮತ್ತೆ ಅಳೆದು ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಅಂದ್ರು, ಅಂದ್ರೆ ಬ್ಯಾಡ್ಮಿಂಟನ್ ಕೋರ್ಟಿನ ಅರ್ಧಕ್ಕೂ ಕಮ್ಮಿ. ಆದ್ರೂ ಹೊಟ್ಟೆಯೊಳಗೆ ಅಷ್ಟು ಜಾಗ ಅಂದ್ರೆ ಸಾಮಾನ್ಯ ಅಲ್ಲ.

ಮುದ್ದೆಯ ಪಿಷ್ಟ ಇಲ್ಲಿ ಪೂರ್ತಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತೆ, ಮೊದಲು ಲಿವರ್‌ಗೆ, ಅಲ್ಲಿಂದ ಮೈಗೆಲ್ಲಾ. ನಾರು, ಜೀರ್ಣ ಆಗದೇ ಉಳಿದಿದ್ದು ದೊಡ್ಡ ಕರುಳಿಗೆ ಹೋಗುತ್ತೆ. ಇಲ್ಲಿಗೆ ಮಕ್ಕಳು ಊಟದ ಕಥೆ ಮುಗೀತು ಅಂದ್ಕೋತಾರೆ, ನೀವು ಇಲ್ಲೇ ನಿಲ್ಲಿಸಿ ಕೇಳಿ: ಆ ಗ್ಲೂಕೋಸ್ ಎಲ್ಲಿಂದ ಆಚೆ ಹೋಗುತ್ತೆ? ಬಹಳ ಮಕ್ಕಳು ಬಾತ್ರೂಮಿಂದ ಅಂತಾರೆ.

ಈಗ ಸುಣ್ಣದ ತಿಳಿನೀರು ತೆಗೀರಿ. ಎರಡು ಗಾಜಿನ ಲೋಟಕ್ಕೆ ಸಮ ಸಮ ಹಾಕಿ. ಒಂದಕ್ಕೆ ಸಿರಿಂಜಿನಿಂದ ಕೋಣೆಯ ಗಾಳಿ ಹಾಯಿಸಿ, ಇನ್ನೊಂದಕ್ಕೆ ಮಗು ಸ್ಟ್ರಾದಲ್ಲಿ ಮೆಲ್ಲಗೆ ಊದ್ಲಿ. ಊದೋದು ಮಾತ್ರ, ಹೀರಬಾರದು, ಇದನ್ನ ಮೂರು ಸಲ ಹೇಳಿ. ಊದಿದ ಲೋಟ ಸ್ವಲ್ಪ ಹೊತ್ತಿಗೆ ಹಾಲಿನ ಹಾಗೆ ಬೆಳ್ಳಗಾಗುತ್ತೆ, ಗಾಳಿ ಹಾಯಿಸಿದ್ದು ಎಷ್ಟೋ ಹೊತ್ತು ತಿಳಿಯಾಗೇ ಇರುತ್ತೆ. ನಾವು ಎಳೆದುಕೊಳ್ಳೋ ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಬರೀ 0.04 ಪರ್ಸೆಂಟ್, ಬಿಡೋ ಗಾಳೀಲಿ ಸುಮಾರು 4 ಪರ್ಸೆಂಟ್, ಅಂದ್ರೆ ನೂರು ಪಟ್ಟು. ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೋನೇಟ್. ಹಟ ಹಿಡಿದು ಊದ್ತಾನೇ ಹೋದ್ರೆ ಅದು ಬೈಕಾರ್ಬೋನೇಟ್ ಆಗಿ ಕರಗಿ ನೀರು ಮತ್ತೆ ತಿಳಿಯಾಗುತ್ತೆ, ಹೆದರಬೇಡಿ.

ಆ ಬಿಳಿ ಪುಡೀಲಿರೋ ಕಾರ್ಬನ್ ಎಲ್ಲಿಂದ ಬಂತು? ನೀವು ತಿಂದ ಊಟದಿಂದ. ಗ್ಲೂಕೋಸ್ ಮೊದಲು ಜೀವಕೋಶದ ದ್ರವದಲ್ಲೇ ಎರಡು ಪೈರುವೇಟ್ ಆಗಿ ಒಡೆಯುತ್ತೆ, ಇದಕ್ಕೆ ಆಕ್ಸಿಜನ್ ಬೇಡ, ಕೈಗೆ ಸಿಗೋದು ಬರೀ 2 ಎಟಿಪಿ (ಜೀವಕೋಶ ಖರ್ಚು ಮಾಡೋ ಶಕ್ತಿಯ ಕಣ). ಆಮೇಲೆ ಪೈರುವೇಟ್ ಜೀವಕೋಶದ ಶಕ್ತಿಮನೆ ಮೈಟೋಕಾಂಡ್ರಿಯಾ ಒಳಗೆ ಹೋಗಿ, ಆಕ್ಸಿಜನ್ ಇದ್ದಾಗ ಪೂರ್ತಿ ಒಡೆದು ಕಾರ್ಬನ್ ಡೈಆಕ್ಸೈಡ್, ನೀರು ಆಗುತ್ತೆ, ಒಟ್ಟು ಸುಮಾರು 30ರಿಂದ 32 ಎಟಿಪಿ (ಹಳೇ ಪುಸ್ತಕಗಳಲ್ಲಿ 36, 38 ಅಂತ ಇರುತ್ತೆ, ಪರೀಕ್ಷೆಗೆ ನಿಮ್ಮ ಪುಸ್ತಕದಲ್ಲಿರೋದನ್ನೇ ಬರೀರಿ). ಎಟಿಪಿ ಅಂದ್ರೆ ಚಿಲ್ಲರೆ ಕಾಸು, ಗ್ಲೂಕೋಸ್ ಅಂದ್ರೆ ಐನೂರರ ನೋಟು, ಸಿಟಿ ಬಸ್ಸಿಗೆ ಐನೂರು ಕೊಟ್ರೆ ಕಂಡಕ್ಟರ್ ತಗೊಳ್ತಾರಾ? ಗ್ಲೂಕೋಸ್ ಶಕ್ತೀಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗುತ್ತೆ, ಮೈ ಬೆಚ್ಚಗಿರೋದು ಅದರಿಂದಾನೇ. 1782-83ರ ಚಳಿಗಾಲದಲ್ಲಿ ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತೆ ಲಾಪ್ಲಾಸ್ ಅನ್ನೋ ವಿಜ್ಞಾನಿಗಳು ಒಂದು ಗಿನಿ ಹಂದೀನ ಮಂಜುಗಡ್ಡೆ ಸುತ್ತಿದ ಪಾತ್ರೇಲಿ ಕೂರಿಸಿ, ಅದರ ಮೈ ಬಿಸಿಗೆ ಎಷ್ಟು ಮಂಜು ಕರಗುತ್ತೆ ಅಂತ ಅಳೆದು, ಇದ್ದಿಲು ಉರಿದಾಗ ಬರೋ ಬಿಸಿಗೆ ಹೋಲಿಸಿ, ಉಸಿರಾಟ ಅಂದ್ರೆ ನಿಧಾನದ ಉರಿಯೇ ಅಂದಿದ್ರು.

ಲೆಕ್ಕ ಹಾಕಿಸೋದು ಮರೀಬೇಡಿ, ಅವಳಿಗೆ ಬಹಳ ಹಿಡಿಸಿದ್ದು ಇದೇ. 100 ಗ್ರಾಂ ರಾಗಿಹಿಟ್ಟಿನ ಮುದ್ದೇಲಿ ಹತ್ತಿರ ಹತ್ತಿರ 320 ಕಿಲೋಕ್ಯಾಲರಿ. 60 ಕೆಜಿ ತೂಕದವರು ಸುಮ್ನೆ ಮಲಗಿದ್ರೂ ಗಂಟೆಗೆ ಸುಮಾರು 60 ಖರ್ಚಾಗುತ್ತೆ, ಅಂದ್ರೆ ಒಂದು ಮುದ್ದೆಗೆ ಐದು ಗಂಟೆ. ಅದರಲ್ಲಿ 65 ಗ್ರಾಂ ಪಿಷ್ಟ ಅಂತ ಇಟ್ಕೊಂಡು ಪೂರ್ತಿ ಉರಿದ್ರೆ ಸುಮಾರು 106 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮೂಗಿಂದ ಹೋಗುತ್ತೆ. 65 ಹೇಗೆ 106 ಆಯ್ತು ಅಂತ ಮಗು ಕೇಳೇ ಕೇಳುತ್ತೆ, ಉಳಿದ ತೂಕ ಉಸಿರಲ್ಲಿ ಎಳೆದುಕೊಂಡ ಆಕ್ಸಿಜನ್ನಿನದು. ನನ್ನ ಹುಡುಗಿ ಇಲ್ಲಿ ಒಂದು ನಿಮಿಷ ಸುಮ್ಮನಾದ್ಲು, ಆಮೇಲೆ "ಹಾಗಾದ್ರೆ ಊಟ, ಗಾಳಿ ಎರಡೂ ಸೇರಿ ಆಚೆ ಹೋಗ್ತಿದೆಯಾ ಚಿಕ್ಕಮ್ಮ" ಅಂದ್ಲು. ಅದೇ ಕಣೇ ಅಂದೆ.

ಕೊನೇದು ಮೆಟ್ಟಿಲು. ಕೂತಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು, ಎಷ್ಟು ನಾಡಿಬಡಿತ ಬರೆದುಕೊಳ್ಳಿ, ಎರಡು ನಿಮಿಷ ಮೆಟ್ಟಿಲು ಹತ್ತಿ ಇಳಿದು ಮತ್ತೆ ಎಣಿಸಿ. ಸ್ನಾಯು ಹೆಚ್ಚು ಗ್ಲೂಕೋಸ್ ಉರಿಸ್ತಿದೆ, ಆಕ್ಸಿಜನ್ ಕೇಳ್ತಿದೆ, ಕಾರ್ಬನ್ ಡೈಆಕ್ಸೈಡ್ ಆಚೆ ಹಾಕು ಅಂತಿದೆ. ಆಮೇಲೆ ಬಟ್ಟೆ ಕ್ಲಿಪ್ಪನ್ನ ಒಂದೇ ಕೈಲಿ ಬೇಗ ಬೇಗ ಒತ್ತೋಕೆ ಹೇಳಿ, ಬೆರಳು ಸೋಲುತ್ತೆ. ಆಕ್ಸಿಜನ್ ಸಾಲದೇ ಹೋದಾಗ ಸ್ನಾಯು ಪೈರುವೇಟನ್ನ ಲ್ಯಾಕ್ಟಿಕ್ ಆಮ್ಲ ಮಾಡ್ಕೊಂಡು ಹೇಗೋ ಕೆಲಸ ನಡೆಸುತ್ತೆ. ಮಾರನೇ ದಿನ ಬರೋ ಮೈಕೈ ನೋವಿಗೆ ಮಾತ್ರ ಈ ಆಮ್ಲ ಕಾರಣ ಅಲ್ಲ, ಅದು ಒಂದೆರಡು ಗಂಟೇಲೇ ಹೊರಟೋಗಿರುತ್ತೆ, ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿಂದು.

ರಾತ್ರಿ ದೋಸೆಗೆ ರುಬ್ಬೋದಿದ್ರೆ ಹಿಟ್ಟಿನ ಪಾತ್ರೆ ಮೇಲೆ ಎಲ್ಲಿವರೆಗಿದೆ ಅಂತ ಮಗು ಕೈಲಿ ಒಂದು ಗೆರೆ ಎಳೆಸಿ. ಬೆಳಗ್ಗೆ ಉಬ್ಬಿರೋದು ನೋಡಿ ಮಗುನೇ ಹೇಳ್ಲಿ, ಗಾಳಿ ಸಿಗದ ಹಿಟ್ಟಿನೊಳಗೆ ಬ್ಯಾಕ್ಟೀರಿಯಾಗಳು ಸಕ್ಕರೆ ಒಡೆದು ಶಕ್ತಿ ತಗೊಂಡು, ಹುಳಿ ಆಮ್ಲ ಮತ್ತೆ ಕಾರ್ಬನ್ ಡೈಆಕ್ಸೈಡ್ ಬಿಟ್ಟಿದಾವೆ ಅಂತ. ಆಮೇಲೆ ಕಾವಲಿ ಇಟ್ಟು ದೋಸೆ ಹುಯ್ದಾಗ ತೂತು ತೂತು ಬರುತ್ತಲ್ಲ, ಆ ತೂತುಗಳು ಯಾರ ಉಸಿರು ಅಂತ ಕೇಳಿ.