ರಟ್ಟು ಹಿಡಿದು ಟ್ಯಾಬ್ಲೆಟ್ ಆರಿಸಿದ್ದು: ನನ್ನ ಅನುಭವ

ಪುಸ್ತಕಗಳ ಮುಖಪುಟ ಬರೆಯುವುದು ನನ್ನ ಕೆಲಸ. ಅದಕ್ಕಾಗಿ, ಪುಸ್ತಕದ ಅಳತೆಗೆ ಕತ್ತರಿಸಿದ ರಟ್ಟನ್ನು ಪರದೆ ಮೇಲಿಟ್ಟು ನೋಡಿ ನಾನು ಆರಿಸಿದ್ದು ಆಪಲ್‌ನ 13 ಇಂಚಿನ ಐಪ್ಯಾಡ್ ಏರ್, ಜೊತೆಗೆ ಅದರ ಪರದೆ ಮೇಲೆ ಬರೆಯುವ ಪೆನ್ನು, ಪೆನ್ಸಿಲ್ ಪ್ರೊ. 2024ರ ದೀಪಾವಳಿ ಹೊತ್ತಿಗೆ ಕೊಂಡದ್ದು. ಬ್ಯಾಂಕಿನ ರಿಯಾಯಿತಿ ಕಳೆದು, ಕವರು, ಚಿತ್ರ ಬರೆಯುವ ಪ್ರೊಕ್ರಿಯೇಟ್ ಆಪ್ ಎಲ್ಲ ಸೇರಿಸಿ ತೊಂಬತ್ತೊಂದು ಸಾವಿರದ ಆಸುಪಾಸು ಬಿತ್ತು. "ಮುಖಪುಟದ ಕೆಲಸಕ್ಕೆ ಏರ್ ಸಾಲದು, ಐಪ್ಯಾಡ್ ಪ್ರೊ ತಗೊಳ್ಳಿ" ಅಂತ ನಮ್ಮ ಕಲಾವಿದರ ಬಳಗದಲ್ಲಿ ಹೇಳದವರೇ ಇಲ್ಲ. "ರಟ್ಟು ಕತ್ತರಿಸಿಕೊಂಡು ಹೋದ್ರೆ ಟ್ಯಾಬ್ಲೆಟ್ ಆರಿಸೋಕಾಗುತ್ತಾ?" ಅಂದವರೂ ಇದ್ದಾರೆ. ಆಗುತ್ತದೆ. ವರ್ಷದ ಮೇಲಾಯಿತು, ಮೂವತ್ತಕ್ಕೂ ಹೆಚ್ಚು ಮುಖಪುಟಗಳು ಇದರಲ್ಲೇ ಮುಗಿದು ಅಚ್ಚಾಗಿವೆ. ಹಾಕಿದ ದುಡ್ಡು ವಾಪಸ್ ಬಂದಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

 

ಮೊದಲು ರಟ್ಟಿನ ವಿಷಯ. ನಮ್ಮ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಡೆಮಿ 1/8. ಅಂದರೆ 5.5 × 8.5 ಇಂಚು. ಮುಖಪುಟ, ಹಿಂಪುಟ, ನಡುವೆ ಅರ್ಧ ಇಂಚಿನ ಬೆನ್ನು ಸೇರಿದರೆ ಪೂರ್ತಿ ಹೊದಿಕೆ 11.5 × 8.5. ನಾನು ದಿನವಿಡೀ ನೋಡುತ್ತಾ ಕೂರುವುದು ಈ ಆಯತವನ್ನೇ. ಹಾಗಿರುವಾಗ ಪರದೆ ಎಷ್ಟು ಇಂಚು ಅಂತ ಕೇಳಿ ಏನು ಪ್ರಯೋಜನ? ಈ ಆಯತ ಪರದೆಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದೇ ಮುಖ್ಯ. ಮದುವೆ ಕಾರ್ಡಿನಷ್ಟು ದಪ್ಪದ ರಟ್ಟಿನಲ್ಲಿ ಅದನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿದೆ. ಪೂರ್ತಿ ಅಳತೆಯದೊಂದು, ಶೇ. 90, ಶೇ. 80, ಶೇ. 70ರದು ಒಂದೊಂದು. ಅವನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗಳಿಗೆ ಹೋದೆ. ಪ್ರದರ್ಶನಕ್ಕಿಟ್ಟ ಟ್ಯಾಬ್ಲೆಟ್ ಮೇಲೆ ಇಟ್ಟು ನೋಡುವುದು, ಅಷ್ಟೇ.

ಫಲಿತಾಂಶ ನೋಡಿ. ಸ್ಯಾಮ್‌ಸಂಗ್ ಟ್ಯಾಬ್ ಎಸ್10 ಪ್ಲಸ್ 12.4 ಇಂಚಿನದು, ಉದ್ದ ಅಗಲ 16:10. ಹೆಸರಿಗೆ 13 ಇಂಚಿನ ಐಪ್ಯಾಡಿಗಿಂತ ಸ್ವಲ್ಪವೇ ಚಿಕ್ಕದು. ಆದರೆ ಪೂರ್ತಿ ಹೊದಿಕೆ ಅದರಲ್ಲಿ ಶೇ. 77ರಷ್ಟೇ ಬರುತ್ತದೆ, ಏಕೆಂದರೆ ಎತ್ತರ ಸಾಲುವುದಿಲ್ಲ. ಪಕ್ಕದಲ್ಲಿ ಒಂದಿಷ್ಟು ಜಾಗ ಸುಮ್ನೆ ಉಳಿಯುತ್ತದೆ. ಒನ್‌ಪ್ಲಸ್ ಪ್ಯಾಡ್ 2 ಅದಕ್ಕಿಂತ ಚಿಕ್ಕದು, 12.1 ಇಂಚು. ಆದರೆ ಪರದೆ 7:5 ಆದ್ದರಿಂದ ಶೇ. 82ರಷ್ಟು ಬಂತು. 13 ಇಂಚಿನ ಐಪ್ಯಾಡಿನ ಪರದೆ 4:3. ನಮ್ಮ ಡೆಮಿ ಹೊದಿಕೆಯೂ ಹೆಚ್ಚುಕಡಿಮೆ ಅದೇ ಅನುಪಾತ. ಶೇ. 90 ಬರುತ್ತದೆ. ಈ ಲೆಕ್ಕ ಯಾವ ವಿಮರ್ಶೆ ವಿಡಿಯೊದಲ್ಲೂ ನನಗೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವರು ಡೆಮಿ 1/8ಕ್ಕೆ ಚಿತ್ರ ಬರೆಯುವುದಿಲ್ಲವಲ್ಲ.

ಮುಂಭಾಗವೊಂದನ್ನೇ ಮಾಡುವವರಿಗೆ ಲೆಕ್ಕ ಬೇರೆ. 5.5 × 8.5 ನೆಟ್ಟಗೆ ನಿಲ್ಲಿಸಿದರೆ 16:10 ಪರದೆಗೇ ಚೆನ್ನಾಗಿ ಕೂರುತ್ತದೆ. ಎಸ್10 ಪ್ಲಸ್‌ನಲ್ಲಿ ಪೂರ್ತಿ ಅಳತೆಯಲ್ಲಿ ಬರುತ್ತದೆ, ಮೇಲೆ ಕೆಳಗೆ ಉಪಕರಣಗಳ ಪಟ್ಟಿಗೂ ಜಾಗ ಉಳಿಯುತ್ತದೆ.

ಎರಡನೆಯದು ಪೆನ್ನು. ಇಲ್ಲಿ ನನ್ನ ಪರೀಕ್ಷೆ ಎರಡೇ. ಒಂದು, ಪ್ಲಾಸ್ಟಿಕ್ ಸ್ಕೇಲನ್ನು ಓರೆಯಾಗಿಟ್ಟು ಅದರ ಅಂಚಿಗೆ ಬಹಳ ನಿಧಾನವಾಗಿ ಗೆರೆ ಎಳೆಯುವುದು. ಸ್ಟೀಲ್ ಸ್ಕೇಲ್ ತೆಗೆದರೆ ಅಂಗಡಿಯವರು ಗಾಬರಿಯಾಗುತ್ತಾರೆ, ಪ್ಲಾಸ್ಟಿಕ್ಕೇ ಇರಲಿ. ಎರಡು, "ಸ್ವಾತಂತ್ರ್ಯ", "ರಾಷ್ಟ್ರ", "ಲಕ್ಷ್ಮಿ" ಬರೆಯುವುದು, ನಂತರ ಒಂದು ಸಾಲು ಠ, ಒಂದು ಸಾಲು ಳ. ಇಂಗ್ಲಿಷ್‌ನಲ್ಲಿ ಸಹಿ ಹಾಕಿ ನೋಡಿದರೆ ಎಲ್ಲ ಪೆನ್ನೂ ಚೆನ್ನಾಗಿಯೇ ಇರುತ್ತವೆ, ಕೈ ವೇಗವಾಗಿ ಓಡುತ್ತದೆ. ಶೀರ್ಷಿಕೆಯ ಕನ್ನಡ ಅಕ್ಷರವನ್ನು ನಾವು ನಿಧಾನಕ್ಕೆ ಸುತ್ತುತ್ತೇವೆ. ಗೆರೆ ನಡುಗುವುದು ಅಲ್ಲೇ ಗೊತ್ತಾಗುತ್ತದೆ. ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರಂತೂ ಪೆನ್ನಿನ ಬಣ್ಣ ಬಯಲು.

ಒಂದು ಎಚ್ಚರಿಕೆ: ಗೆರೆ ತಾನಾಗಿಯೇ ನಯವಾಗುವ ಸೌಲಭ್ಯ ಇರುವ ಆಪ್‌ನಲ್ಲಿ ಪರೀಕ್ಷೆ ಮಾಡಬೇಡಿ. ಪ್ರೊಕ್ರಿಯೇಟ್ ಇದ್ದರೆ ಗೆರೆ ನಯ ಮಾಡುವ ಸ್ಟ್ರೀಮ್‌ಲೈನ್ ಸೊನ್ನೆಗೆ ಇಳಿಸಿ. ಇಲ್ಲದಿದ್ದರೆ ಐಪ್ಯಾಡಿನ ನೋಟ್ಸ್, ಅತ್ತ ಸ್ಯಾಮ್‌ಸಂಗ್ ನೋಟ್ಸ್ ಸಾಕು.

ನಿಧಾನದ ಓರೆ ಗೆರೆಯಲ್ಲಿ ಆಪಲ್ ಪೆನ್ಸಿಲ್ ಎಲ್ಲಕ್ಕಿಂತ ಮುಂದೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಸ್ವಲ್ಪ ನಡುಗಿತು. ಸ್ವಲ್ಪವೇ, ಆದರೆ ನನ್ನ ಕಣ್ಣಿಗೆ ಬಿತ್ತು. ಹಾಗಂತ ಎಸ್ ಪೆನ್ನನ್ನು ತಳ್ಳಿಹಾಕಬೇಡಿ. ಅದು ಹಗುರ, ಡಬ್ಬಿಯಲ್ಲೇ ಬರುತ್ತದೆ, ಬರೆಯಲು ಅದಕ್ಕೆ ಬ್ಯಾಟರಿ ಬೇಕಾಗಿಲ್ಲ. ಅದರ ಒಳಗಿರುವುದು ವಾಕಮ್ ಕಂಪನಿಯ ತಂತ್ರ. ಹಾಗಾಗಿ ಸ್ಟೆಡ್ಲರ್ ನೋರಿಸ್ ಡಿಜಿಟಲ್, ಲ್ಯಾಮಿಯ ಡಿಜಿಟಲ್ ಪೆನ್ನು ಕೂಡ ಸ್ಯಾಮ್‌ಸಂಗ್ ಟ್ಯಾಬ್ ಮೇಲೆ ನಡೆಯುತ್ತವೆ. ಗೆಳೆಯರೊಬ್ಬರ ನೋರಿಸ್ ತಂದು ಅವರ ಹಳೆಯ ಟ್ಯಾಬ್ ಎಸ್9 ಮೇಲೆ ಒಂದು ಸಂಜೆ ಪೂರ್ತಿ ಬರೆದೆ. ಶಾಲೆಯ ಪೆನ್ಸಿಲ್ ಹಿಡಿದಷ್ಟೇ ಸಹಜವಾಗಿತ್ತು, ಎಸ್ ಪೆನ್‌ಗಿಂತ ನನಗೆ ಅದೇ ಇಷ್ಟವಾಯಿತು. ಬೆಲೆಯೂ ಪೆನ್ಸಿಲ್ ಪ್ರೊ ಹತ್ತಿರಕ್ಕೂ ಬರುವುದಿಲ್ಲ.

ಕೊನೆಗೆ ನನ್ನನ್ನು ಗೆದ್ದದ್ದು ಪೆನ್ಸಿಲ್ ಪ್ರೊನ ಒಂದು ಗುಣ. ಅದನ್ನು ಬೆರಳಲ್ಲಿ ತಿರುಗಿಸಿದರೆ ಕುಂಚವೂ ತಿರುಗುತ್ತದೆ. ಬೋರ್ಡ್ ಬರೆಯುವ ಹಳಬರು ಚಪ್ಪಟೆ ಬ್ರಷ್ಷನ್ನು ತಿರುವಿನಲ್ಲಿ ಹೇಗೆ ಹೊರಳಿಸುತ್ತಾರೆ ನೋಡಿದ್ದೀರಲ್ಲ? ತಲೆಕಟ್ಟಿನಿಂದ ಹೊಟ್ಟೆಗೆ ಇಳಿಯುವಾಗ ದಪ್ಪ, ಮೇಲೇರುವಾಗ ತೆಳು. ಅದೇ ಇಲ್ಲಿ ಬರುತ್ತದೆ. ಈ ಪೆನ್ಸಿಲ್ ಎಂ4 ಚಿಪ್ಪಿನ ಐಪ್ಯಾಡ್ ಪ್ರೊ ಮೇಲೆ ಹೇಗೆ ನಡೆಯುತ್ತದೋ ಎಂ2 ಚಿಪ್ಪಿನ ಏರ್ ಮೇಲೂ ಹಾಗೇ ನಡೆಯುತ್ತದೆ. ಐಪ್ಯಾಡ್ ಪ್ರೊ ಬೇಡ ಅನ್ನುವ ತೀರ್ಮಾನಕ್ಕೆ ನಾನು ಬಂದದ್ದು ಅಲ್ಲೇ.

ಇದಕ್ಕೆ ಯಾವ ಬ್ರಷ್, ಎಷ್ಟು ಓರೆ, ಸ್ಟ್ರೀಮ್‌ಲೈನ್ ಎಷ್ಟರಲ್ಲಿ ಇಡುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ಈಗ ದುಡ್ಡು. ಆಗಿನ ಬೆಲೆ ನೆನಪಿನಿಂದ ಹೇಳುತ್ತೇನೆ. 13 ಇಂಚಿನ ಏರ್ 79,900, ಪೆನ್ಸಿಲ್ ಪ್ರೊ 11,900. ಎರಡೂ ಸೇರಿ ಸುಮಾರು 92 ಸಾವಿರ. ಟ್ಯಾಬ್ ಎಸ್10 ಪ್ಲಸ್ 91 ಸಾವಿರ, ಪೆನ್ನು ಅದರಲ್ಲೇ. ಚಾರ್ಜರ್ ಮಾತ್ರ ಡಬ್ಬಿಯಲ್ಲಿ ಇಲ್ಲ, ಬೇರೆ ಕೊಳ್ಳಬೇಕು. ಅಂದರೆ ಎರಡು ಸೆಟ್ಟಿಗೂ ಹೆಚ್ಚುಕಡಿಮೆ ಒಂದೇ ಖರ್ಚು. ಬೆಲೆಪಟ್ಟಿಯಲ್ಲಿ ಮಾತ್ರ ಐಪ್ಯಾಡ್ ಅಗ್ಗ ಅನ್ನಿಸುತ್ತದೆ. 13 ಇಂಚಿನ ಪ್ರೊ 1,29,900, ಪೆನ್ಸಿಲ್ ಸೇರಿದರೆ 1.42 ಲಕ್ಷ. ಒನ್‌ಪ್ಲಸ್ ಪ್ಯಾಡ್ 2 ಪೆನ್ನು ಸಮೇತ ನಲವತ್ತೈದು ಸಾವಿರ ಚಿಲ್ಲರೆ. ಟ್ಯಾಬ್ಲೆಟ್ ಒಂದರ ಬೆಲೆಯನ್ನೇ ಹೋಲಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಪೆನ್ನು, ಕವರು, ಚಾರ್ಜರು, ಆಪು, ಎರಡು ವರ್ಷಕ್ಕೆ ಬೇಕಾಗುವ ಮೊನೆಗಳು ಎಲ್ಲ ಒಂದೇ ಹಾಳೆಯಲ್ಲಿ ಬರೆದು ಕೂಡಿ.

ಏರ್‌ಗೂ ಪ್ರೊಗೂ ಐವತ್ತು ಸಾವಿರ ವ್ಯತ್ಯಾಸ. ನನಗೆ ಒಂದು ಮುಖಪುಟಕ್ಕೆ ಸಿಗುವುದು ನಾಲ್ಕರಿಂದ ಆರು ಸಾವಿರ. ಅಂದರೆ ಹತ್ತು ಮುಖಪುಟದ ದುಡಿಮೆ. ಆ ಹತ್ತು ಮುಖಪುಟಕ್ಕೆ ಬದಲಾಗಿ ಪ್ರೊ ನನಗೆ ಏನು ಕೊಡುತ್ತದೆ? ತೆಳುವಾದ ಮೈ, ಕಪ್ಪು ಗಾಢವಾಗಿ ಕಾಣುವ ಓಎಲ್ಇಡಿ ಪರದೆ, 120 ಹರ್ಟ್ಸ್ (ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ). ಏರ್ 60 ಹರ್ಟ್ಸ್. ಗೆಳೆಯರೆಲ್ಲ ಹೆದರಿಸಿದ್ದು ಈ ಅರವತ್ತರ ಬಗ್ಗೆಯೇ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಸರಸರ ಅಂತ ಗೆರೆಗಳ ನೆರಳು ತುಂಬುವಾಗ ಏರ್‌ನಲ್ಲಿ ಗೆರೆ ಮೊನೆಗಿಂತ ಹಿಂದೆ ಬೀಳುವುದು ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಅಕ್ಷರ ಸುತ್ತುವ ವೇಗದಲ್ಲಿ ವ್ಯತ್ಯಾಸ ನನಗೆ ಸಿಗಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ರಾಸ್ ಹ್ಯಾಚಿಂಗ್ (ಒಂದರ ಮೇಲೊಂದು ಅಡ್ಡ ಗೆರೆಗಳ ನೆರಳು) ಮಾಡುವವರು ನೀವಾದರೆ ಪ್ರೊ ನೋಡಿ.

ಕೊಳ್ಳುವಾಗ ಇನ್ನೆರಡು ಮಾತು. ಜಿಎಸ್‌ಟಿ ನಂಬರ್ ಇದ್ದವರು ಅದನ್ನು ಬಿಲ್ಲಿನಲ್ಲಿ ಹಾಕಿಸಿ. ಬೆಲೆಯೊಳಗೆ ಶೇ. 18 ತೆರಿಗೆ ಇದೆ, ಕೆಲಸಕ್ಕೆ ಕೊಂಡದ್ದಾದರೆ ಅದನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನೋ ಕಾಸ್ಟ್ ಇಎಂಐ ಅಂದರೆ ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಬ್ಯಾಂಕು ಹಾಕುತ್ತದೆ, ಮೇಲೆ ಸಂಸ್ಕರಣಾ ಶುಲ್ಕ ಬೇರೆ.

ಬಿಡಿ ಸಾಮಾನುಗಳ ವಿಷಯದಲ್ಲಿ ಸೋತದ್ದೇ ಜಾಸ್ತಿ. ಮೊದಲು, ಗೆಳೆಯರ ಎರಡನೇ ತಲೆಮಾರಿನ ಆಪಲ್ ಪೆನ್ಸಿಲ್ ಇತ್ತು. ಅದನ್ನೇ ತೆಗೆದುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಏರ್‌ಗೆ ಅಂಟಿಸಿ ನೋಡಿದೆ. ನಡೆಯಲಿಲ್ಲ. ಹೊಸ ಮಾದರಿಗಳಲ್ಲಿ ಮುಂದಿನ ಕ್ಯಾಮೆರಾ ಪೆನ್ಸಿಲ್ ಅಂಟುವ ಬದಿಗೇ ಬಂದಿದೆ. ಹಾಗಾಗಿ ಚಾರ್ಜಿಂಗ್ ವ್ಯವಸ್ಥೆ ಬದಲಾಗಿ ಹಳೆಯ ಪೆನ್ಸಿಲ್ ಹೊಂದುವುದಿಲ್ಲ. ಹಳೆಯದನ್ನು ಅಗ್ಗಕ್ಕೆ ಕೊಡುತ್ತೇವೆ ಅಂತ ಯಾರಾದರೂ ಬಂದರೆ ನೆನಪಿಡಿ. ಯುಎಸ್‌ಬಿ-ಸಿ ಪೆನ್ಸಿಲ್ ನಾಲ್ಕು ಸಾವಿರ ಕಡಿಮೆ, ಆದರೆ ಅದಕ್ಕೆ ಒತ್ತಡ ಗೊತ್ತಾಗುವುದೇ ಇಲ್ಲ. ಟಿಪ್ಪಣಿಗೆ ಸರಿ, ನಮಗೆ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಸಾವಿರದೊಳಗೆ ಸಿಗುವ ಪೆನ್ನುಗಳದ್ದೂ ಇದೇ ಕಥೆ. ಓರೆ ಹಿಡಿದದ್ದು ಗೊತ್ತಾಗುತ್ತದೆ, ಒತ್ತಿದ್ದು ಗೊತ್ತಾಗುವುದಿಲ್ಲ.

ಕಾಗದದಂತೆ ಅನ್ನಿಸುವ ಮ್ಯಾಟ್ ಹಾಳೆ ಹಾಕಿಸಿದ್ದೆ. ಸಾವಿರ ರೂಪಾಯಿ ಹತ್ತಿರ. ಕೈಗೆ ಹಿತವಾಗಿತ್ತು, ಕಣ್ಣಿಗೆ ಇರಲಿಲ್ಲ. ಬಿಳಿಯ ಮೇಲೆ ಸಣ್ಣ ಸಣ್ಣ ಬಣ್ಣದ ಕಾಳುಗಳು ಕಾಣುತ್ತಿದ್ದವು. ಎರಡು ತಿಂಗಳೊಳಗೆ ಪೆನ್ಸಿಲ್ಲಿನ ಮೊನೆ ಚಪ್ಪಟೆಯಾಯಿತು. ಹೊಸ ಮೊನೆಗಳು ನಾಲ್ಕರ ಕಟ್ಟು, ಎರಡು ಸಾವಿರದ ಆಸುಪಾಸು. ಹಾಳೆ ಕಿತ್ತು ಬರೀ ಗಾಜಿನ ಮೇಲೆ ಬರೆಯುತ್ತೇನೆ ಈಗ. ಮೊನೆ ಜಾರದಿರಲು ಒಂದು ಉಪಾಯ ಮಾಡಿಕೊಂಡಿದ್ದೇನೆ, ಹತ್ತು ರೂಪಾಯಿಯ ಖರ್ಚು. ಅದನ್ನು ಎದುರಿಗೆ ಸಿಕ್ಕಾಗ ತೋರಿಸುತ್ತೇನೆ.

ಸ್ಟ್ಯಾಂಡಿಗೆ ದುಡ್ಡು ಹಾಕಲಿಲ್ಲ. ಕಂಪನಿಯ ಮಡಚುವ ಕವರಿಗೆ ಆಗ ಹತ್ತು ಸಾವಿರದ ಹತ್ತಿರ, ಕೀಬೋರ್ಡ್ ಕವರಿಗೆ ಮೂವತ್ತು ಸಾವಿರದ ಮೇಲೆ ಇತ್ತು. ಮನೆಯಲ್ಲಿ ಅಜ್ಜನ ಕಾಲದ ವ್ಯಾಸಪೀಠ ಇತ್ತು. ಪಾರಾಯಣಕ್ಕೆ ಪುಸ್ತಕ ಇಡುವುದು, ಗೊತ್ತಲ್ಲ? ಟ್ಯಾಬ್ಲೆಟ್ ಅದರ ಮೇಲೆ ಗಟ್ಟಿಯಾಗಿ ಕೂತಿತು. ಕೆಳ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ, ಜಾರುವುದಿಲ್ಲ. ಚಾಪೆ ಮೇಲೆ ಕೂತು ಗಂಟೆಗಟ್ಟಲೆ ಬರೆದರೂ ಕತ್ತು ನೋಯುವುದಿಲ್ಲ. ಇದನ್ನು ನೋಡಿ ಬಳಗದಲ್ಲಿ ಇನ್ನಿಬ್ಬರು ವ್ಯಾಸಪೀಠ ಹುಡುಕಿಕೊಂಡರು.

ಬಣ್ಣದ ಪ್ರಯೋಗವೂ ಹೇಳಬೇಕು. ಅಚ್ಚಾದ ಮುಖಪುಟ ಒಂದನ್ನೂ, ಅದರ ಫೈಲನ್ನೂ ಜೊತೆಗೆ ಒಯ್ಯುತ್ತಿದ್ದೆ. ಕುಂಕುಮದ ಕೆಂಪು, ಅಡಿಕೆ ತೋಟದ ಹಸಿರು ಇರುವಂಥದ್ದು. ಅಂಗಡಿಯ ಸ್ಯಾಮ್‌ಸಂಗ್ ಪರದೆಗಳು ನಾನು ನೋಡಿದಾಗಲೆಲ್ಲ ಬಣ್ಣ ಎದ್ದು ಕಾಣಿಸುವ ವಿವಿಡ್‌ನಲ್ಲೇ ಇದ್ದವು. ಆ ಕೆಂಪು ಯಾವ ಅಚ್ಚಿನಲ್ಲೂ ಬರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ನ್ಯಾಚುರಲ್‌ಗೆ ಬದಲಾಯಿಸಿದ ಮೇಲೆ ಬಹಳ ಹತ್ತಿರ ಬಂತು. ಐಪ್ಯಾಡಿನಲ್ಲಿ ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಟ್ರೂ ಟೋನ್ ಆಫ್ ಮಾಡಿ, ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ. ಏರ್‌ನ ಎಲ್‌ಸಿಡಿ ಅಚ್ಚಿಗೆ ಹತ್ತಿರವೇ ಇದೆ. ಪ್ರೊನ ಓಎಲ್ಇಡಿ ನೋಡಲು ಸುಂದರ, ಒಪ್ಪುತ್ತೇನೆ. ಆದರೆ ಆ ಕಪ್ಪು ನೋಡಿ ಮನಸ್ಸು ಕೊಟ್ಟರೆ ಪ್ರೆಸ್ಸಿನಿಂದ ಬಂದ ಹಾಳೆ ನೋಡಿ ಬೇಜಾರಾಗುತ್ತದೆ. ಟ್ಯೂಬ್‌ಲೈಟ್ ಪ್ರತಿಫಲನ ತಡೆಯುವುದರಲ್ಲಿ ಮಾತ್ರ ಎಸ್10 ಪ್ಲಸ್ ಏರ್‌ಗಿಂತ ಎಷ್ಟೋ ಮೇಲು. ಐಪ್ಯಾಡಿನಲ್ಲಿ ಹೊಳಪಿಲ್ಲದ ಗಾಜು ಬೇಕೆಂದರೆ ಪ್ರೊನ 1 ಟಿಬಿ ಅಥವಾ ಅದಕ್ಕಿಂತ ಮೇಲಿನದ್ದೇ ಆಗಬೇಕು. ಆ ಬೆಲೆ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ.

ಕನ್ನಡ ಟೈಪಿಂಗ್‌ಗೆ ಟ್ಯಾಬ್ಲೆಟ್ ನಂಬಿ ಕೂರಬೇಡಿ, ಯಾವುದೇ ಇರಲಿ. ಪ್ರಕಾಶಕರು ಕಳಿಸುವ ಪಠ್ಯ ಇವತ್ತಿಗೂ ಎಷ್ಟೋ ಸಲ ಹಳೆಯ ನುಡಿ ಫಾಂಟಿನಲ್ಲೇ ಇರುತ್ತದೆ. ಟ್ಯಾಬ್ಲೆಟ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಯುನಿಕೋಡಿಗೆ ಪರಿವರ್ತಿಸಿ, ಬೆನ್ನುಡಿಯನ್ನು ಕಂಪ್ಯೂಟರಿನಲ್ಲೇ ಜೋಡಿಸುವುದು ಒಳ್ಳೆಯದು. ನಾನು ಚಿತ್ರವನ್ನು ಪಿಎಸ್‌ಡಿ (ಫೋಟೊಶಾಪ್ ಫೈಲು) ಮಾಡಿ ಕಂಪ್ಯೂಟರಿಗೆ ಕಳಿಸಿ ಅಲ್ಲಿ ಮುಗಿಸುತ್ತೇನೆ. ಆಂಡ್ರಾಯ್ಡ್‌ನಲ್ಲಿ ಒಂದು ಅನುಕೂಲ ಇದೆ: ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನಲ್ಲಿ ಪೆನ್ನಿಂದ ಕನ್ನಡ ಬರೆದರೆ ಟೈಪ್ ಆಗುತ್ತದೆ. ಐಪ್ಯಾಡಿನಲ್ಲಿ ಕೈಬರಹ ಓದುವ ಸ್ಕ್ರಿಬಲ್ ನಾನು ನೋಡಿದಾಗ ಕನ್ನಡ ಓದಲಿಲ್ಲ. ಬರಹಗಾರರು ಟ್ಯಾಬ್ಲೆಟ್ ಕೇಳಿಕೊಂಡು ಬಂದರೆ ನಾನು ಸ್ಯಾಮ್‌ಸಂಗ್ ಕಡೆಗೇ ಕೈ ತೋರಿಸುತ್ತೇನೆ. ಮೆಮೊರಿ ಕಾರ್ಡ್ ಹಾಕುವ ಜಾಗವೂ ಅದರಲ್ಲಿ ಇದೆ. ನನ್ನ ಏರ್ 128 ಜಿಬಿ, ತಿಂಗಳಿಗೊಮ್ಮೆ ಹಳೆಯ ಫೈಲುಗಳನ್ನು ಹೊರಗಿನ ಡ್ರೈವಿಗೆ ಸಾಗಿಸುತ್ತೇನೆ.

ಮಕ್ಕಳ ಚಿತ್ರಪುಸ್ತಕ ಮಾಡುವವರು ನನ್ನ ತೀರ್ಮಾನವನ್ನು ಹಾಗೇ ಎತ್ತಿಕೊಳ್ಳಬೇಡಿ. ಕ್ರೌನ್ 1/4 ಅಂದರೆ 7.25 × 9.5. ಎರಡು ಪುಟ ಬಿಚ್ಚಿದರೆ 14.5 × 9.5, ಅದು ಅಗಲದ ಆಯತ. 13 ಇಂಚಿನ ಐಪ್ಯಾಡಿನಲ್ಲಿ ಶೇ. 71, ಎಸ್10 ಪ್ಲಸ್‌ನಲ್ಲಿ ಶೇ. 69. ಹತ್ತಿರ ಹತ್ತಿರ ಒಂದೇ. ಅದೇ 14.6 ಇಂಚಿನ ಎಸ್10 ಅಲ್ಟ್ರಾದಲ್ಲಿ ಶೇ. 81 ಬರುತ್ತದೆ. ಬೆಲೆ ಆಗ 1.09 ಲಕ್ಷ ಇತ್ತು, ಪೆನ್ನು ಸೇರಿ. ಪ್ರೊ ಸೆಟ್ಟಿಗಿಂತ ಮೂವತ್ತು ಸಾವಿರದಷ್ಟು ಕಡಿಮೆ. ಬಳಗದಲ್ಲಿ ಬರೀ ಮಕ್ಕಳ ಪುಸ್ತಕ ಮಾಡುವ ಒಬ್ಬರಿಗೆ ಇದನ್ನೇ ಹೇಳಿದೆ. ಅವರು ಅಲ್ಟ್ರಾ ಕೊಂಡು ಕ್ಲಿಪ್ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದಾರೆ. ಆ ಆಪಿಗೆ ಚಂದಾ ಕಟ್ಟಬೇಕು, ಪ್ರೊಕ್ರಿಯೇಟ್ ತರಹ ಒಂದೇ ಸಲದ ಖರ್ಚಲ್ಲ. ಅದನ್ನೂ ಹಾಳೆಯಲ್ಲಿ ಬರೆದು ಕೂಡಿಯೇ ಕೊಂಡರು.